ಅತ್ತೆಯ ವಾಕಿಂಗು, ಹುಸೇನ ಮಾಮಾನ ಬುತ್ತಿ

ಹಳೆಯ ಇಲಕಲ್ ಸೀರೆಯೊಂದನ್ನು ಹುಡುಕುತ್ತ ಟ್ರಂಕಿನ ತಳದವರೆಗೆ ಕೈ ಹಾಕಿದ್ದೆ. ಸೀರೆ ಸಿಗಲಿಲ್ಲ, ಒಂದು ಬುತ್ತಿಯ ಗಂಟು ಸಿಕ್ಕಿತು. ಹಸಿರು ಚೌಕಡಿ ಅರಿವೆ, ನಾಲ್ಕು ಮೂಲೆ ಸೇರಿಸಿ ಬಿಗಿದದ್ದು, ಅದೂ ಗಂಡಸರು ಬಿಗಿಯುವ ಒಡ್ಡೊಡ್ಡ ಗಂಟು. ಎಷ್ಟೋ ವರ್ಷಗಳಿಂದ ಯಾರೂ ಬಿಚ್ಚಿಲ್ಲ. ಬುತ್ತಿಯನ್ನು ಟ್ರಂಕಿನಲ್ಲಿ ಯಾರಾದರೂ ಇಡುತ್ತಾರೆಯೇ ಎಂದು ನೀವು ಕೇಳಬಹುದು. ರೊಟ್ಟಿ ಇರುವ ಬುತ್ತಿಯನ್ನು ಇಡುವುದಿಲ್ಲ. ಇದರಲ್ಲಿ ಏನಿದೆ ಎಂಬುದು ನನಗೆ ಗೊತ್ತು. ನಿಮಗೆ ಹೇಳಬೇಕಾದರೆ ನೀವು ಒಂದಿಷ್ಟು ದೂರ ನನ್ನ ಜೊತೆ ನಡೆಯಬೇಕು. ಹೆದರಬೇಡಿ, ಏರು ದಾರಿಯಲ್ಲ. ಹೊಳೆಯ ದಂಡೆಗುಂಟ ಒಂದೂವರೆ ಮೈಲು, ಅಷ್ಟೇ. ನನ್ನಂಥ ಸೋಮಾರಿಯೇ ನಡೆದ ಮೇಲೆ ನಿಮಗೇನು ಕಷ್ಟ?

ನಮ್ಮ ಊರು ಯಡೂರಿಗೆ ಹತ್ತಿರ, ಕೃಷ್ಣೆಯ ದಂಡೆಗೆ. ಈಗ ಆ ದಾರಿಗೆ ಕಲ್ಲು ಹಾಸಿ ಉದ್ಯಾನ ಮಾಡಿದ್ದಾರೆ. ಸಿಮೆಂಟಿನ ಬೆಂಚುಗಳಿವೆ, ಹುಡುಗರಿಗೆ ಜಾರುಬಂಡಿ ಇದೆ, ಹೂ ಕೀಳಬಾರದು ಎಂಬ ಫಲಕವಿದೆ, ಹೂ ಮಾತ್ರ ಇನ್ನೂ ಬಂದಿಲ್ಲ. ಬೆಳಗಾದರೆ ಸಾಕು, ಬಿಳಿ ಬೂಟಿನ ಗಂಡಸರು, ಸೀರೆಯ ಮೇಲೆ ಸ್ವೆಟರ್ ಹಾಕಿದ ಹೆಂಗಸರು ಕೈ ಬೀಸಿಕೊಂಡು ಹೋಗುತ್ತಾರೆ, ಅದೇ ದಾರಿಯಲ್ಲಿ ವಾಪಸು ಬರುತ್ತಾರೆ. ಯಾರೂ ಯಾರನ್ನೂ "ಎಲ್ಲಿಗೆ ಹೊಂಟ್ರಿ?" ಎಂದು ಕೇಳುವುದಿಲ್ಲ. ಅದನ್ನು ನೋಡಿದಾಗೆಲ್ಲ ನನಗೆ ಅತ್ತೆ ನೆನಪಾಗುತ್ತಾರೆ. ಆ ಒಂದು ಪ್ರಶ್ನೆಗೆ ಉತ್ತರ ಸಿಗದೆ ನನ್ನ ಅತ್ತೆ ತಲೆಯ ಮೇಲೆ ಏನೇನು ಹೊತ್ತರು ಎಂದು ಈ ಬೂಟಿನವರಿಗೆ ಹೇಗೆ ತಿಳಿಯಬೇಕು?

ನಾನು ನಿಪ್ಪಾಣಿಯಲ್ಲಿ ಬೆಳೆದವಳು. ಅಪ್ಪ ತಂಬಾಕಿನ ವಖಾರಿಯಲ್ಲಿ ಕಾರಕೂನ. ಸಂಜೆ ಮನೆಗೆ ಬಂದು ಅಂಗಿ ಝಾಡಿಸಿದರೆ ನಾವು ಮೂವರು ಮಕ್ಕಳು ಪಾಳಿ ಹಚ್ಚಿದಂತೆ ಸೀನುತ್ತಿದ್ದೆವು. ಓಣಿಯ ಮರಾಠಿ ಮಂದಿಯನ್ನು ನೋಡಿ ಅಪ್ಪನಿಗೂ ಶತಪಾವಲಿಯ ಚಟ ಹತ್ತಿತ್ತು. ಉಂಡ ಮೇಲೆ ಅಂಗಳದಲ್ಲಿ ನೂರು ಹೆಜ್ಜೆ ನಡೆಯದೆ ಯಾರೂ ಹಾಸಿಗೆ ಕಾಣುವಂತಿರಲಿಲ್ಲ. ಎಲ್ಲರೂ ಬಾಯಿಬಿಟ್ಟು ಎಣಿಸಬೇಕು. ನಾನು ಅರವತ್ತರಿಂದ ನೇರ ತೊಂಬತ್ತಕ್ಕೆ ಹಾರುತ್ತಿದ್ದೆ. ಬಹಳ ಚಾಲಾಕಿ ಎಂದುಕೊಂಡಿದ್ದೆ. ಅಪ್ಪ ಒಂದು ದಿನ ತಣ್ಣಗೆ ಹೇಳಿದರು: "ಉಳಸ್ಕೊಂಡ ಮೂವತ್ತ ಹೆಜ್ಜಿ ಗಂಡನ ಮನ್ಯಾಗ ನಡೀಬೇಕಾಗ್ತೈತಿ ನೋಡವ್ವಾ, ಬಡ್ಡಿ ಸಮೇತ." ಅಪ್ಪನ ಬಾಯಲ್ಲಿ ಯಾವ ದೇವರು ಕೂತಿದ್ದನೋ ಏನೋ!

ಎಂಬತ್ತರ ದಶಕದ ನಡುವೆ ಮದುವೆಯಾಗಿ ಈ ಊರಿಗೆ ಬಂದೆ. ಕಬ್ಬಿನ ಹೊಲ, ಎರಡು ಎಮ್ಮೆ, ಎಮ್ಮೆಗಿಂತ ಗಂಭೀರವಾದ ಗಂಡ, ಮತ್ತು ಅತ್ತೆ. ಅತ್ತೆಯ ಹೆಸರು ಬಾಳವ್ವ. ನನ್ನನ್ನು ಹೆಸರಿನಿಂದ ಕರೆದದ್ದು ನೆನಪಿಲ್ಲ, ಮೊದಲ ದಿನದಿಂದಲೂ ನಾನು "ಏ ನಿಪ್ಪಾಣಿ" ಆಗಿದ್ದೆ. ಮದುವೆಯಾದ ವರ್ಷವೇ ಅತ್ತೆಗೆ ತಲೆ ತಿರುಗಿ, ಮಿರಜಿಗೆ ಕರೆದೊಯ್ದರೆ ಸಕ್ಕರೆ ಬೇನೆ ಎಂದರು. ಡಾಕ್ಟರು ಮಾತ್ರೆ ಬರೆದು, ಮರಾಠಿಯಲ್ಲಿ, "ರೋಜ್ ಏಕ ತಾಸ್ ಚಾಲಾಯ್ಲಾ ಪಾಹಿಜೆ, ಆಜೀ" ಎಂದರು. ದಿನಾ ಒಂದು ತಾಸು ನಡೆಯಬೇಕು ಅಜ್ಜಿ ಎಂದು. ಅತ್ತೆಗೆ ಆಗ ಐವತ್ತೆರಡು. ಬೇನೆಗಿಂತ ಆ 'ಆಜೀ' ಎಂಬ ಮಾತೇ ಅವರಿಗೆ ಹೆಚ್ಚು ತಾಗಿತು.

"ಆಜಿ ಅಂತ, ಆಜಿ! ಅವನ ತಲ್ಯಾಗ ನನಗಿಂತ ಕಡಿಮಿ ಕೂದಲ ಅದಾವು" ಎಂದು ಬಸ್ ಸ್ಟ್ಯಾಂಡಿನವರೆಗೆ ಬೈದರು. ಬಸ್ಸು ಹತ್ತಿದ ಮೇಲೆ ಸೀರೆಯ ನಿರಿಗೆ ತುಸು ಎತ್ತಿ ತಮ್ಮ ಎರಡೂ ಪಾದಗಳನ್ನು ನೋಡುತ್ತ ಕೂತರು. ಅವರ ಅಕ್ಕ ರಾಯಬಾಗದಲ್ಲಿದ್ದರು. ಇದೇ ಬೇನೆಯಿಂದ ಹಿಂದಿನ ವರ್ಷ ಮೊಣಕಾಲ ಕೆಳಗೆ ಒಂದು ಕಾಲು ತೆಗೆಸಿಕೊಂಡಿದ್ದರು. ನಾನು ಅತ್ತೆಯ ಕೈ ಹಿಡಿದುಕೊಂಡೆ. ಹೊಸ ಸೊಸೆ, ಅಷ್ಟು ಸಲಿಗೆ ಇರಲಿಲ್ಲ, ಆದರೂ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ.

ಮರುದಿನ ನಸುಕಿನಲ್ಲೇ ಅತ್ತೆ ಸೊಸೆ ಹೊರಟೆವು. ಊರ ಹೆಬ್ಬಾಗಿಲು, ನಮ್ಮ ಮಾತಿನಲ್ಲಿ ಅಗಸಿ, ಅದರ ಕಟ್ಟೆಯ ಮೇಲೆ ಭೀಮು ಕಾಕಾ ಕೂತಿದ್ದರು. ಊರಿಗೆ ಯಾರು ಬಂದರು, ಯಾರು ಹೋದರು ಎಂಬುದನ್ನು ನೋಡುವುದೇ ಅವರ ಒಕ್ಕಲುತನ.

"ಏನ್ ಬಾಳವ್ವಾ, ಅತ್ತಿ ಸೊಸಿ ಎಲ್ಲಿಗೆ ಹೊಂಟೀರಿ?"

"ಇಲ್ಲೇ."

"ಇಲ್ಲೇ ಅಂದ್ರ ಎಲ್ಲಿ?"

ಅತ್ತೆ ನನ್ನ ಮುಖ ನೋಡಿದರು. ನಾನು ನಿಪ್ಪಾಣಿಯ ಶಾಣ್ಯಾಕಿ, "ಸುಮ್ನ ಅಡ್ಯಾಡಾಕ್ರಿ ಕಾಕಾ" ಎಂದುಬಿಟ್ಟೆ. ಕಾಕಾ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಅಡ್ಯಾಡಾಕ? ಯಾಕ, ಮನ್ಯಾಗ ಏನರೆ ಜಗಳ ಆತೇನ?"

ಅಲ್ಲಿಗೇ ಅತ್ತೆ ತಿರುಗಿ ಮನೆಗೆ ಬಂದರು. ಬಂದವರೇ ನನಗೆ ಪೂಜೆ ಮಾಡಿದರು. "ದನಾ ಅಡ್ಯಾಡತಾವು, ಪೊಲೀಸರು ಅಡ್ಯಾಡತಾರ. ಬದುಕ ಮಾಡೋ ಹೆಣಮಗಳು ಬರಿಗೈಲೆ ಅಡ್ಯಾಡಿದ್ರ ಮಂದಿ ಬಾಯಾಗ ಬೀಳ್ತೀನಲ್ಲ! ನಾಳಿಂದ ನಾ ಬರೂದುಲ್ಲ." ಹಾಗೆಂದು ಅಂಗಳಕ್ಕೆ ಹೋಗಿ, ಯಾರಿಗೂ ಕಾಣದಂತೆ ಮತ್ತೆ ಪಾದ ನೋಡಿಕೊಂಡರು. ನನಗೆ ಕಂಡಿತು.

ಮೂರು ದಿನ ಬಿಟ್ಟು ಅವರೇ ಉಪಾಯ ಹುಡುಕಿದರು. ಕೈಯಲ್ಲಿ ಖಾಲಿ ಕೊಡ ಹಿಡಿದು ಹೊಳೆಯ ಕಡೆ ಹೊರಟರೆ ಯಾರು ಏನು ಕೇಳುತ್ತಾರೆ? ನಾಲ್ಕು ದಿನ ಸಸೂತ್ರ ನಡೆಯಿತು. ಐದನೆಯ ದಿನ ಅಗಸಿಯಲ್ಲಿ ಒಂದು ಜೀಪು ಎದುರಾಯಿತು. ಒಳಗೆ ಹನ್ನೊಂದು ಜನ, ಕಾಗವಾಡಕ್ಕೆ ಹೆಣ್ಣು ನೋಡಲು ಹೊರಟವರು, ಎದುರಿಗೆ ಅತ್ತೆಯ ಬರಿ ಕೊಡ. ಜೀಪು ನಿಂತಿತು. ಹಿರಿಯರು ಇಳಿದರು. ಜೀಪು ತಿರುಗಿಸಿಕೊಂಡು ಮನೆಗೆ ಹೋಗಿ, ನೀರು ಕುಡಿದು, ಒಂದು ಗಳಿಗೆ ಕೂತು ಮತ್ತೆ ಹೊರಟರು. ಅತ್ತೆ ಇಡೀ ದಿನ ಉಣ್ಣಲಿಲ್ಲ. ಆ ಹುಡುಗನಿಗೆ ಆ ಹೆಣ್ಣೇ ಗೊತ್ತಾಗಿ ಮದುವೆ ಆಯಿತು, ಆದರೆ ಅತ್ತೆ ಮಾತ್ರ ಅವರ ಮನೆಯಲ್ಲಿ ಗಂಡ ಹೆಂಡತಿ ಜಗಳಾಡಿದ ಸುದ್ದಿ ಬಂದಾಗೆಲ್ಲ ತಮ್ಮದೇ ತಪ್ಪು ಎಂಬಂತೆ ತಲೆ ತಗ್ಗಿಸುತ್ತಿದ್ದರು.

ಮರುದಿನದ ಉಪಾಯ ಕೇಳಿ. ಬರಿ ಕೊಡ ಅಪಶಕುನವಾದರೆ ತುಂಬಿದ ಕೊಡ ಶುಭ ಶಕುನವಲ್ಲವೇ? ಅತ್ತೆ ಮನೆಯ ಹಂಡೆಯಿಂದ ಕೊಡ ತುಂಬಿ, ತಲೆಯ ಮೇಲಿಟ್ಟುಕೊಂಡು ಹೊಳೆಯ ಕಡೆ ಹೊರಟರು! ನಾನು ಹಿಂದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಡೆದೆ. ಭೀಮು ಕಾಕಾ ಎದ್ದು ನಿಂತು ನೋಡಿದರು. "ಏ ಬಾಳವ್ವಾ, ಹೊಳಿಗೆ ನೀರ ಕಡಿಮಿ ಬಿದ್ದೈತೇನ?" ಎಂದರು. ಕೊಡದ ವಾಕಿಂಗು ಅಲ್ಲಿಗೆ ಮುಗಿಯಿತು.

ಆಮೇಲೆ ಬಂದದ್ದು ಬುತ್ತಿಯ ಗಂಟು. ಹಳೆಯ ಸೀರೆಯ ತುಂಡೊಂದನ್ನು ರೊಟ್ಟಿಯ ಆಕಾರಕ್ಕೆ ಮಡಚಿ, ಅರಿವೆಯಲ್ಲಿ ಕಟ್ಟಿ, ತಲೆಯ ಮೇಲೆ ಇಟ್ಟುಕೊಂಡರು. ಹೊಲಕ್ಕೆ ಬುತ್ತಿ ಒಯ್ಯುವ ಹೆಣ್ಣುಮಗಳನ್ನು ನಮ್ಮ ಕಡೆ ಯಾರೂ ತಡೆಯುವುದಿಲ್ಲ, ಮಾತಾಡಿಸಿ ತಡ ಮಾಡುವುದಿಲ್ಲ. ಹಸಿದವನ ಅನ್ನ ತಡೆದ ಪಾಪ ಯಾರಿಗೆ ಬೇಕು? ಭೀಮು ಕಾಕಾ ಕೂಡ ಕಾಲು ಮಡಚಿ ದಾರಿ ಬಿಟ್ಟರು. ಅತ್ತೆಯ ನಡಿಗೆಗೆ ಒಂದು ಠೀವಿ ಬಂತು.

ಎಂಥ ದಾರಿ ಅದು! ಅಗಸಿ ದಾಟಿದರೆ ಎರಡೂ ಕಡೆ ಕಬ್ಬು, ನಡುವೆ ಬಂಡಿಯ ಜಾಡು, ಆಮೇಲೆ ಹೊಳೆಯ ದಂಡೆ, ಜಾಲಿಗಿಡಗಳ ನೆರಳು. ಬೇಸಿಗೆಯಲ್ಲಿ ಹೊಳೆ ಒಂದು ಬದಿಗೆ ಸರಿದು ಮಲಗಿದರೆ ಉಸುಕಿನಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬುತ್ತಿದ್ದವು. ಮೊದಲ ವಾರವೇ ನಾನು ನೀರಿನಲ್ಲಿ ತೇಲುತ್ತಿದ್ದ ಮರದ ಬೊಡ್ಡೆಯನ್ನು ನೋಡಿ "ಮೊಸಳಿ!" ಎಂದು ಕಿರುಚಿ, ಅತ್ತೆಯನ್ನು ಅಲ್ಲೇ ಬಿಟ್ಟು ಓಡಿದ್ದೆ. ಅದನ್ನು ಅವರು ಸಾಯುವವರೆಗೆ ಎಲ್ಲ ಬೀಗರಿಗೂ ಹೇಳಿದರು. ಚಳಿಗಾಲದಲ್ಲಿ ದಾರಿಯ ಪಕ್ಕ ಬೆಲ್ಲದ ಗಾಣ ಹೂಡುತ್ತಿದ್ದರು. ಗಾಣದ ಮುಂದೆ ಹಾಯುವವರಿಗೆ ಬಿಸಿ ಬೆಲ್ಲ ಕೊಡದೆ ಬಿಡುವ ಪದ್ಧತಿ ಇಲ್ಲ, ಬೇಡ ಎಂದರೆ ಗಾಣದವರಿಗೆ ಅವಮಾನ. ಸಕ್ಕರೆ ಬೇನೆಯ ಅತ್ತೆ ಏನು ಮಾಡಬೇಕು? ಸೊಸೆ ಇದ್ದಾಳಲ್ಲ. ಎರಡೂ ಪಾಲು ನಾನೇ ತಿಂದು ಮನೆತನದ ಮರ್ಯಾದೆ ಉಳಿಸಿದೆ. ವಾಕಿಂಗು ಮಾಡಿ ಮೈ ಬೆಳೆಸಿಕೊಂಡವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ದಾರಿ ಮುಗಿಯುವಲ್ಲಿ ಜಾಕ್‌ವೆಲ್ ಇತ್ತು, ಹೊಳೆಯ ನೀರನ್ನು ನಮ್ಮ ಕಬ್ಬಿಗೆ ಎತ್ತುವ ಬಾವಿ. ಅದರ ಪಂಪು ನೋಡಿಕೊಳ್ಳುತ್ತಿದ್ದವನು ಹುಸೇನ. ಅತ್ತೆಗಿಂತ ನಾಲ್ಕೈದು ವರ್ಷ ಚಿಕ್ಕವನು, ಸಣಕಲ ಮನುಷ್ಯ, ನಾನು ಹುಸೇನ ಮಾಮಾ ಎನ್ನುತ್ತಿದ್ದೆ. ಕರೆಂಟು ಬಂದಾಗ ಪಂಪು ಚಾಲು ಮಾಡುವುದು, ಹೋದಾಗ ಕರೆಂಟಿನವರನ್ನು ಮೂರು ಭಾಷೆಯಲ್ಲಿ ಬೈಯುವುದು ಅವನ ಕೆಲಸ. ಜಾಕ್‌ವೆಲ್ಲಿನ ಕಟ್ಟೆಯ ಮೇಲೆ ಅತ್ತೆ ಐದು ನಿಮಿಷ ದಣಿವಾರಿಸಿಕೊಂಡು, ಗಂಟು ಎತ್ತಿಕೊಂಡು ವಾಪಸು ಬರುತ್ತಿದ್ದರು. ಹದಿನೈದು ದಿನ ಹುಸೇನ ಮಾಮಾ ಸುಮ್ಮನೆ ನೋಡಿದ. ಹದಿನಾರನೆಯ ದಿನ ಬಾಯಿಬಿಟ್ಟ.

"ಅಕ್ಕಾರ, ದಿನಾ ಬುತ್ತಿ ತರ್ತೀರಿ, ದಿನಾ ಹೊಳ್ಳಿ ಒಯ್ತೀರಿ. ಹೊಲದಾಗ ಆಳ ನೋಡಿದ್ರ ಯಾರೂ ಇಲ್ಲ. ಯಾರಿಗ್ರಿ ಇದು?"

ಅತ್ತೆ ಗಂಟನ್ನು ಮಡಿಲಿಗೆ ಎಳೆದುಕೊಂಡರು.

"ಮತ್ತ ಯಾರೂ ಇಲ್ಲಂದ್ರ ನನಗರೆ ಒಂದ ರೊಟ್ಟಿ ಕೊಡ್ರಿ. ಮುಂಜಾನಿಂದ ಹಸದೀನಿ."

ಅತ್ತೆಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ಆ ಮನೆಯಲ್ಲಿ ರೊಟ್ಟಿ ಕೇಳಿದವರಿಗೆ ಇಲ್ಲ ಎಂದ ಉದಾಹರಣೆ ಇರಲಿಲ್ಲ. ಈಗ ಒಬ್ಬ ಮನುಷ್ಯ ಬಾಯಿಬಿಟ್ಟು ಕೇಳಿದ್ದಾನೆ, ಮಡಿಲಲ್ಲಿ ಬುತ್ತಿ ಇದೆ, ಬುತ್ತಿಯಲ್ಲಿ ಹಳೆಯ ಸೀರೆ ಇದೆ. "ಇದು... ಇದು ಹಳಸೈತಿ ಹುಸೇನಾ. ತಡಿ, ಈಗ ಬಂದ್ನಿ" ಎಂದವರೇ ಎದ್ದರು. ಅಷ್ಟು ಬಿರಬಿರನೆ ಅವರು ನಡೆದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡರು. "ಹಸದಾವಗ ಸುಳ್ಳ ಹೇಳಿದ್ನಲ್ಲ ನಿಪ್ಪಾಣೀ, ನನ್ನ ಬಾಯಾಗ ಮಣ್ಣ ಬೀಳಲಿ." ಮನೆಗೆ ಬಂದು ಎರಡು ಬಿಸಿ ರೊಟ್ಟಿ ಬಡಿದು, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿಕೊಂಡು ಮತ್ತೆ ಒಂದೂವರೆ ಮೈಲು ನಡೆದರು. ಹಿಂದೆ ಏದುಸಿರು ಬಿಡುತ್ತ ನಾನು. ಅಪ್ಪ ಹೇಳಿದ ಬಡ್ಡಿ ಆ ದಿನದಿಂದ ಸುರುವಾಯಿತು.

ಹುಸೇನ ಮಾಮಾ ಉಂಡ. ಒಂದೊಂದು ತುತ್ತಿಗೂ ನೀರು ಕುಡಿಯುತ್ತ, ನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಿ ಬಂದು ಉಂಡ. ಹಸಿದವರು ಇಷ್ಟು ನಿಧಾನ ಉಣ್ಣುತ್ತಾರೆಯೇ ಎಂದು ನನಗೆ ಅನಿಸಿತು. ಅತ್ತೆಗೆ ಏನೂ ಅನಿಸಲಿಲ್ಲ. ಅವರು ಅವನ ಕೈ ಬಾಯಿಗೆ ಹೋಗುವುದನ್ನೇ ನೋಡುತ್ತ ಕೂತಿದ್ದರು. ಕೈ ತೊಳೆದು ಅವನು ಹೇಳಿದ: "ನಾಳಿನೂ ತರ್ರಿ ಅಕ್ಕಾರ. ದಾರಿ ನೋಡ್ತೀನಿ."

ಅಲ್ಲಿಂದ ಅತ್ತೆಯ ನಡಿಗೆ ಒಂದು ದಿನವೂ ತಪ್ಪಲಿಲ್ಲ. ತನ್ನ ಕಾಲಿಗಾಗಿ ನಡೆಯುವುದು ಅವರಿಗೆ ನಾಚಿಕೆಯ ವಿಷಯವಾಗಿತ್ತು. ಇನ್ನೊಬ್ಬರ ಹೊಟ್ಟೆಗಾಗಿ ನಡೆಯುವುದರಲ್ಲಿ ನಾಚಿಕೆ ಎಂಥದು? ಮಳೆ ಬಂದರೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೋದರು. ಜ್ವರ ಬಂದಾಗ ನಾನು ಒಯ್ಯುತ್ತೇನೆ ಎಂದರೆ, "ನೀ ಮೊಸಳಿ ಕಂಡ ಓಡ್ತಿ, ಅಂವ ಉಪಾಸ ಬೀಳ್ತಾನ" ಎಂದು ತಾವೇ ಎದ್ದರು. ರಂಜಾನ್ ಬಂದಾಗ ನನಗೆ ಚಿಂತೆ ಹತ್ತಿತು. ಹಗಲು ಉಪವಾಸವಿರುವವನಿಗೆ ಬುತ್ತಿ ಏಕೆ? ಒಂದು ತಿಂಗಳು ನಡಿಗೆ ನಿಂತರೆ ಮತ್ತೆ ಹತ್ತುತ್ತದೆಯೇ? ಹುಸೇನ ಮಾಮಾ ತಾನಾಗಿಯೇ ಹೇಳಿದ: "ರೋಜಾ ಅದಾವ್ರಿ ಅಕ್ಕಾರ. ಹೊತ್ತ ಮುಳಗೂ ಮುಂದ ತರ್ರಿ, ನಿಮ್ಮ ರೊಟ್ಟಿಲೇ ರೋಜಾ ಬಿಡ್ತೀನಿ." ಆ ತಿಂಗಳು ನಾವು ಸಂಜೆ ನಡೆದೆವು. ಮುಳುಗುವ ಸೂರ್ಯನ ಕಡೆಗೆ ಮುಖ ಮಾಡಿ ಅತ್ತೆ, "ಇನ್ನೂ ಯಾಕ ಮುಳಗವಲ್ಲ ಇಂವ, ಪಾಪ ಹುಸೇನ ಕುಂತಾನ" ಎಂದು ಸೂರ್ಯನಾರಾಯಣನನ್ನೇ ಗದರಿಸುತ್ತಿದ್ದರು. ಮಿರಜಿನ ಡಾಕ್ಟರು ರಕ್ತ ನೋಡಿ, "ಶಾಬ್ಬಾಸ್ ಆಜೀ!" ಎಂದರು. ಈ ಸಲ ಅತ್ತೆ ಬೈಯಲಿಲ್ಲ.

ಒಂದು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಹುಸೇನ ಮಾಮಾನ ಹೆಂಡತಿ ಜೈನಾಬಿ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಊಟದ ಡಬ್ಬಿ, ಮುಖದ ಮೇಲೆ ಬೆಂಕಿ.

"ಬಾಳಕ್ಕಾರ, ನಾ ನಮ್ಮನಿಯವರ್ನ ಉಪಾಸ ಕೆಡವೇನಂತ ಗಿರಣ್ಯಾಗ ಮಂದಿ ಮಾತಾಡಾಕತ್ತಾರು! ನೋಡ್ರಿ ಈ ಡಬ್ಬಿ. ದಿನಾ ಹೊತ್ತ ಏಳೂದ್ರಾಗ ಎರಡ ರೊಟ್ಟಿ ಪಲ್ಯ ತುಂಬಿ ಕೊಡ್ತೀನಿ. ದಿನಾ ತೊಳದ ಡಬ್ಬಿ ಬರ್ತೈತಿ. ಹಸದ ಮನಷ್ಯಾಗ ಇಂಥಾ ಹೊಟ್ಟಿ ಬರ್ತೈತೇನ್ರಿ? ಅಂಗಿ ಗುಂಡಿ ಹತ್ತವಲ್ಲವು!"

ಅತ್ತೆ ಕೂತಲ್ಲೇ ಕೂತರು. ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಅವನು ಮೊದಲ ದಿನವೂ ಹಸಿದಿರಲಿಲ್ಲ. ಬುತ್ತಿಯಲ್ಲಿ ರೊಟ್ಟಿ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು, ಅತ್ತೆ ಏಕೆ ನಡೆಯುತ್ತಾರೆ ಎಂಬುದೂ ಗೊತ್ತಿತ್ತು. ವರ್ಷವಿಡೀ ಎರಡೆರಡು ಊಟ ಉಂಡಿದ್ದ, ಪುಣ್ಯಾತ್ಮ! ಅತ್ತೆ ಮೆಲ್ಲಗೆ ಎದ್ದು ಜೈನಾಬಿಗೆ ಚಹಾ ಮಾಡಿಕೊಟ್ಟರು. "ನಿಂದೇನೂ ತಪ್ಪಿಲ್ಲ ತಂಗೀ. ಗಿರಣ್ಯಾಗ ನಾನ ಹೇಳ್ತೀನಿ" ಎಂದಷ್ಟೇ ಅಂದರು.

ಮುಗಿಯಿತು ವಾಕಿಂಗು ಎಂದು ನಾನು ಅಂದುಕೊಂಡೆ. ಆದರೆ ಮರುದಿನ ನಸುಕಿನಲ್ಲಿ ನನ್ನನ್ನು ಎಬ್ಬಿಸಿದ್ದು ರೊಟ್ಟಿ ಬಡಿಯುವ ಸಪ್ಪಳ.

"ಅತ್ತೀ, ಅಂವಗ ಹಸಿವಿರೂದುಲ್ಲಂತಲ್ರಿ?"

"ನನಗ ಯಾವಾಗೋ ಗೊತ್ತಿತ್ತು. ಜೈನಾಬಿ ಪುಂಡಿಪಲ್ಯದ ವಾಸನಿ ಆ ಪಂಪಿನ ಖೋಲ್ಯಾಗ ದಿನಾ ಇರ್ತಿತ್ತು. ಅಂವ ಕೇಳ್ಯಾನ, ನಾ ಒಯ್ತೀನಿ. ನಡಿ, ಹೊತ್ತಾತು."

ಅಂದಿನಿಂದ ಜೈನಾಬಿಯೂ ಅದೇ ಡಬ್ಬಿಯಲ್ಲಿ ನಮಗೆ ಪುಂಡಿಪಲ್ಯ ಕಳಿಸತೊಡಗಿದಳು. ಅತ್ತೆಗೆ ಅವರ ಮನೆಯದು ಉಣ್ಣುವ ರೂಢಿ ಇರಲಿಲ್ಲ. "ನೀ ತಿನ್ನ" ಎಂದು ನನ್ನ ಕಡೆ ದೂಡುತ್ತಿದ್ದರು. ನನಗೇನು, ಸುಖವಾಗಿ ತಿನ್ನುತ್ತಿದ್ದೆ. ಒಂದು ದಿನ ಹಿತ್ತಲಿಗೆ ಹೋದರೆ ಅತ್ತೆ ಒಬ್ಬರೇ ಕೂತು ಆ ಡಬ್ಬಿಯ ತಳವನ್ನು ರೊಟ್ಟಿಯ ಚೂರಿನಿಂದ ಒರೆಸಿ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಸಪ್ಪಳವಾಗದಂತೆ ಹಿಂದೆ ಸರಿದೆ.

ಹೀಗೆ ಎಂಟು ಒಂಬತ್ತು ವರ್ಷ ನಡೆಯಿತು. ತೊಂಬತ್ತರ ದಶಕದಲ್ಲಿ ಜಾಕ್‌ವೆಲ್ಲಿಗೆ ಆಟೋ ಸ್ಟಾರ್ಟರ್ ಬಂತು. ಕರೆಂಟು ಬಂದರೆ ಪಂಪು ತಾನೇ ಚಾಲು ಆಗುತ್ತದೆ, ಕಾಯುವ ಮನುಷ್ಯ ಬೇಡ. ಹುಸೇನ ಮಾಮಾನನ್ನು ಮನೆಗೆ ಕಳಿಸಿದರು. ಮೊದಲ ದಿನ ಅತ್ತೆ ಎದ್ದು ಹಿಟ್ಟು ನಾದಿ, ನೆನಪಾಗಿ, ಹಿಟ್ಟನ್ನು ಹಾಗೇ ಮುಚ್ಚಿಟ್ಟರು. ಎರಡನೆಯ ದಿನ ಹಾಸಿಗೆಯಿಂದ ಏಳುವುದೇ ತಡವಾಯಿತು. ನಾನು, "ಬರ್ರಿ ಅತ್ತೀ, ಸುಮ್ನ ಹೋಗಿ ಬರೂಣು" ಎಂದು ಕೈ ಹಿಡಿದು ಎಳೆದೆ. "ಎಲ್ಲಿಗಂತ ಹೋಗ್ಲಿ? ಯಾರ ಅದಾರ ಅಲ್ಲೆ?" ಎಂದರು. ಕಾಲು ಕಳೆದುಕೊಂಡಿದ್ದ ಅವರ ಅಕ್ಕ, ರಾಯಬಾಗದ ದೊಡ್ಡತ್ತೆ, ಅದಾಗಲೇ ತೀರಿಕೊಂಡಿದ್ದರು. ಹತ್ತು ದಿನ ಹೀಗೇ ಹೋಯಿತು. ಸೀರೆಯ ಅಂಚಿನ ಕೆಳಗೆ ಅತ್ತೆಯ ಪಾದ ಬಾತಂತೆ ಕಂಡು ನನಗೆ ಒಳಗೊಳಗೇ ಅಳು ಬರುತ್ತಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಹುಸೇನ ಮಾಮಾ ನಿಂತಿದ್ದ. ಹೊಟ್ಟೆ ಮೊದಲು, ಆಮೇಲೆ ಮನುಷ್ಯ. ಹೆಗಲ ಮೇಲೆ ಹಸಿರು ಚೌಕಡಿ ಅರಿವೆಯ ಬುತ್ತಿ ಗಂಟು.

"ಅಕ್ಕಾರ, ನನಗೂ ಸಕ್ಕರಿ ಬ್ಯಾನಿ ಬಂದೈತಂತ್ರಿ. ಡಾಕ್ಟರ್ ದಿನಾ ಒಂದ ತಾಸ ಅಡ್ಯಾಡಂದಾನ." ನಾಚಿಕೊಂಡು ನೆಲ ನೋಡಿದ. "ಒಬ್ಬಾಂವ ಹ್ಯಾಂಗ ಅಡ್ಯಾಡ್ಲಿ? ಮಂದಿ ಕೇಳ್ತಾರಲ್ರಿ."

ಅತ್ತೆ ಅವನ ಹೊಟ್ಟೆ ನೋಡಿದರು, ಮುಖ ನೋಡಿದರು. ಆ ಒಂಬತ್ತು ವರ್ಷದ ರೊಟ್ಟಿಗಳೆಲ್ಲ ಅವರ ಕಣ್ಣ ಮುಂದೆ ಬಂದಿರಬೇಕು. ಎದ್ದು ಬಂದು ಅವನ ಹೆಗಲ ಮೇಲಿನ ಗಂಟನ್ನು ಎರಡು ಬೆರಳಿನಿಂದ ಒತ್ತಿದರು. ಅಂಥ ಗಂಟು ಹೊತ್ತವರಿಗೆ ಬಿಚ್ಚಿ ನೋಡುವ ಅವಶ್ಯಕತೆ ಇಲ್ಲ.

"ಲುಂಗಿ?"

"ಹೌದ್ರಿ. ಹಳೇದು."

ಅತ್ತೆ ನಕ್ಕರು. ಹತ್ತು ದಿನದ ಮೇಲೆ ನಕ್ಕರು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಆ ಗಂಟನ್ನು ಅವನ ಹೆಗಲಿನಿಂದ ಇಳಿಸಿ ನನ್ನ ಕೈಗೆ ಕೊಟ್ಟರು. "ನಿಪ್ಪಾಣಿ, ಇದನ್ನ ಒಳಗ ಇಡ" ಎಂದರು. ಇಟ್ಟೆ. ಅದೇ ಇದು.

ನಾನು ಚಪ್ಪಲಿ ಮೆಟ್ಟಿಕೊಂಡು ಓಡಿ ಸೇರುವಷ್ಟರಲ್ಲಿ ಅವರಿಬ್ಬರೂ ಅಗಸಿ ಮುಟ್ಟಿದ್ದರು. ಅತ್ತೆಯ ತಲೆಯ ಮೇಲೆ ಏನೂ ಇರಲಿಲ್ಲ, ಕೈಯಲ್ಲೂ ಏನೂ ಇರಲಿಲ್ಲ. ಭೀಮು ಕಾಕಾನಿಗೆ ಕಣ್ಣು ಮಂಜಾಗಿತ್ತು, ಬಾಯಿ ಮಾತ್ರ ಹಾಗೇ ಇತ್ತು.

"ಯಾರ, ಬಾಳವ್ವೇನ? ಎಲ್ಲಿಗೆ ಹೊಂಟೀರಿ?"

ಹುಸೇನ ಮಾಮಾ ತಡವರಿಸಿ ನಿಂತ. ಅತ್ತೆ ನಿಲ್ಲಲಿಲ್ಲ. ಎರಡೂ ಕೈ ಬೀಸಿಕೊಂಡು ನಡೆಯುತ್ತಲೇ, ಇಡೀ ಊರಿಗೆ ಕೇಳುವಂತೆ ಹೇಳಿದರು:

"ಎಲ್ಲಿಗೂ ಇಲ್ಲೋ ಭೀಮಣ್ಣಾ. ಸುಮ್ನ ಅಡ್ಯಾಡಾಕ ಹೊಂಟೀವಿ!"